ಸೀರೆ ಬೀಳುವ ಬಗೆ

ಸೀರೆ ಅಂಗಡಿಗೆ ಹೋದವರು ಮೊದಲು ಬಣ್ಣ ನೋಡುತ್ತಾರೆ, ಆಮೇಲೆ ಅಂಚು, ಆಮೇಲೆ ಯಾರಿಗೂ ಕಾಣದ ಹಾಗೆ ಬೆಲೆಯ ಚೀಟಿ. ನಾನು ಮಾತ್ರ ಸೆರಗಿನ ತುದಿಯನ್ನು ಮೇಜಿನ ಅಂಚಿನಿಂದ ಒಂದು ಗೇಣು ಹೊರಗೆ ಚಾಚಿ, ಅದು ಎಷ್ಟು ಬಾಗುತ್ತದೆ ಎಂದು ಪಕ್ಕದಿಂದ ಬಗ್ಗಿ ನೋಡುತ್ತೇನೆ. ನೈಲಾನ್ ಆದರೆ ಕೈ ಬಿಟ್ಟ ಕೂಡಲೇ ಜೋತುಬೀಳುತ್ತದೆ. ಕೈಮಗ್ಗದ ಹತ್ತಿಯಾದರೆ ಸ್ವಲ್ಪ ಹೊತ್ತು ಯೋಚನೆ ಮಾಡಿ ಬಾಗುತ್ತದೆ. ರೇಷ್ಮೆ, ಬಾಗಿದ ಮೇಲೂ ತಾನು ಬಾಗಿಲ್ಲವೆಂಬ ಬಿಗುಮಾನದಲ್ಲಿ ಇರುತ್ತದೆ. ಹೊಸೂರು ಬಸ್ ನಿಲ್ದಾಣದ ಹತ್ತಿರ ನಾವು ಯಾವಾಗಲೂ ಹೋಗುವ ಅಂಗಡಿಯ ಮಾಲೀಕರು ತಮಿಳರು, ನನ್ನ ಹತ್ತಿರ ಕನ್ನಡವನ್ನೇ ಮಾತಾಡುತ್ತಾರೆ. ಅವರಿಗೆ ನನ್ನ ಈ ಚಾಳಿ ಗೊತ್ತು.

"ಏನ್ ತಂಗಚ್ಚಿ, ಸೀರೆಗೆ ಜ್ವರ ಬಂದದಾ ನೋಡ್ತೀರಾ?"

"ಇಲ್ಲ ಅಣ್ಣಾ, ಬೆನ್ನು ನೆಟ್ಟಗದಾ ಅಂತ ನೋಡ್ತಿವ್ನಿ."

ಅವರು ನಗುತ್ತಾರೆ. ನಾನೂ ನಗುತ್ತೇನೆ. ಆದರೆ ಅಂಗಡಿಯಿಂದ ಹೊರಬಿದ್ದ ಮೇಲೆ ಆ ನಗು ಉಳಿಯುವುದಿಲ್ಲ. ಯಾಕೆಂದು ಹೇಳುತ್ತೇನೆ, ಸ್ವಲ್ಪ ಸುತ್ತಿ ಬಳಸಿ ಹೇಳಿದರೆ ಬೇಸರ ಮಾಡಿಕೊಳ್ಳಬೇಡಿ. ಕೆಲವು ವಿಷಯಗಳಿಗೆ ನೇರವಾಗಿ ಹೋಗಲು ನನಗೆ ಇನ್ನೂ ಧೈರ್ಯವಿಲ್ಲ.

ಬಟ್ಟೆಯನ್ನು ಹೀಗೆ ನೋಡುವುದನ್ನು ಕಲಿಸಿದವಳು ನನ್ನ ನಾದಿನಿ ಭಾನು, ನಮ್ಮ ಯಜಮಾನರ ಕೊನೆಯ ತಂಗಿ. ಅತ್ತೆ ಮಾವ ಉದ್ದನಪಲ್ಲಿಯಲ್ಲಿ ಟೊಮೇಟೊ, ರಾಗಿ ಎಂದು ಹೊಲ ನೋಡಿಕೊಂಡಿದ್ದರು. ಭಾನು ಕಾಲೇಜಿಗೆಂದು ಹೊಸೂರಿನ ಅವಲಪಲ್ಲಿಯ ನಮ್ಮ ಮನೆಗೆ ಬಂದವಳು ಇಂಜಿನಿಯರಿಂಗ್ ಮುಗಿಸಿ, ಅಲ್ಲಿಗೂ ನಿಲ್ಲದೆ, ಬೆಂಗಳೂರಿನ ಒಂದು ಕಾಲೇಜಿನಲ್ಲಿ ಸಂಶೋಧನೆಗೆ ಸೇರಿಕೊಂಡಳು. ವಾರಕ್ಕೆ ಮೂರು ದಿನ ಬಸ್ಸಿನಲ್ಲಿ ಹೋಗಿ ಬರುವುದು, ಉಳಿದ ದಿನ ನಮ್ಮ ನಡುಮನೆಯ ಮೂಲೆಯ ಕಂಪ್ಯೂಟರಿನ ಮುಂದೆ ಕೂರುವುದು. ಅವಳು ಏನು ಓದುತ್ತಾಳೆ ಎಂದು ಯಾರಾದರೂ ಕೇಳಿದರೆ ನಾನು "ಕಂಪ್ಯೂಟರ್" ಎನ್ನುತ್ತಿದ್ದೆ. ಎದುರುಮನೆಯ ಸೆಲ್ವಿ ಒಂದು ದಿನ, "ಹಂಗಾದ್ರೆ ನಮ್ ಟೀವೀಲಿ ಗೆರೆ ಬರ್ತದೆ, ಸ್ವಲ್ಪ ನೋಡಕ್ಕೆ ಹೇಳು ಅಕ್ಕಾ" ಎಂದಳು. ಅವತ್ತು ನಾನೂ ಸರಿಯಾಗಿ ಕೇಳಿ ತಿಳಿದುಕೊಳ್ಳಬೇಕು ಅನ್ನಿಸಿತು.

ಕೇಳಿದ್ದಕ್ಕೆ ಭಾನು ಟೀವಿ ಹಾಕಿದಳು. ಮಕ್ಕಳಿಗಾಗಿ ಕಂಪ್ಯೂಟರಿನಲ್ಲಿ ಮಾಡಿದ ಯಾವುದೋ ದೇವರ ಕತೆ ಬರುತ್ತಿತ್ತು.

"ಅತ್ಗೆ, ಆ ಲಕ್ಷ್ಮಿ ಸೀರೆ ನೋಡಿ. ನಡೆದ್ರೆ ಅಲ್ಲಾಡ್ತದಾ?"

"ಇಲ್ಲ ಕಣೇ. ದೇವೀಗೆ ತಗಡು ಸುತ್ತವ್ರೆ."

"ಅದೇ ಮತ್ತೆ! ಪ್ಯಾಂಟು ಶರ್ಟು ಎಲ್ಲಾರೂ ಮಾಡ್ತಾರೆ. ಸೀರೆ ಅಂದ್ರೆ ಓಡೋಗ್ತಾರೆ. ಅಷ್ಟುದ್ದ, ನೆರಿಗೆ ಮೇಲೆ ನೆರಿಗೆ, ಒಂದಕ್ಕೊಂದು ತಗಲ್ತದೆ, ಜಾರ್ತದೆ."

"ನೀನು ಚೆನ್ನಾಗಿ ಬರೀತೀಯಾ ಹಂಗಾದ್ರೆ?"

"ಬರಿಯೋದಲ್ಲ ಅತ್ಗೆ, ಬೀಳ್ಸೋದು."

ನನಗೆ ಅರ್ಥವಾಗುವವರೆಗೂ ಅವಳು ಬಿಡಲಿಲ್ಲ. ಬಟ್ಟೆ ಎಷ್ಟು ಭಾರ, ಎಳೆದರೆ ಎಷ್ಟು ಹಿಗ್ಗುತ್ತದೆ, ಎಷ್ಟು ಬಾಗುತ್ತದೆ, ಗಾಳಿ ಅದನ್ನು ಎಷ್ಟು ತಡೆಯುತ್ತದೆ, ಇಷ್ಟನ್ನು ಕಂಪ್ಯೂಟರಿಗೆ ಹೇಳಿ ಕೈ ಬಿಟ್ಟುಬಿಡಬೇಕು. ಆಮೇಲೆ ಸೀರೆ ತಾನಾಗಿ ಬೀಳಬೇಕು. ಯಾವ ನೆರಿಗೆ ಎಲ್ಲಿ ಬರಬೇಕು ಎಂದು ಯಾರೂ ಗೆರೆ ಎಳೆಯುವ ಹಾಗಿಲ್ಲ. ಅದು ದೇವರು ಮಾಡುವ ಕೆಲಸವಲ್ಲವೇನೇ ಎಂದೆ. "ಹೂಂ ಅತ್ಗೆ, ಅವ್ನು ಹೆಂಗೆ ಮಾಡ್ತಾನೆ ಅಂತ ನೋಡಿ ಬರ್ಕೊತಾ ಇದೀನಿ, ಅಷ್ಟೇ" ಎಂದಳು. ಅವಳು ಹಣೆಗೆ ಕುಂಕುಮ ಇಟ್ಟುಕೊಳ್ಳುವುದನ್ನೇ ಮರೆಯುವ ಹುಡುಗಿ. ಆದರೂ ಅಂಥ ಮಾತು ಯಾವ ಹರಿಕಥೆಯಲ್ಲೂ ಕೇಳಿರಲಿಲ್ಲ ಅನ್ನಿಸಿತು ನನಗೆ.

ಮೇಲಿಂದ ಕೆಳಗೆ ಎರಡು ಕ್ಷಣದಲ್ಲಿ ಬೀಳುವ ಬಟ್ಟೆಯನ್ನು ಬೀಳಿಸಲು ನಮ್ಮ ಕಂಪ್ಯೂಟರಿಗೆ ಎರಡು ದಿನ ಬೇಕಾಗುತ್ತಿತ್ತು. ನಡುವೆ ಕರೆಂಟು ಹೋದರೆ ಯುಪಿಎಸ್ ಪೆಟ್ಟಿಗೆ ಕೀಂ ಕೀಂ ಎಂದು ಅಳಲು ಶುರುಮಾಡುತ್ತಿತ್ತು. ಭಾನು ಮನೆಯಲ್ಲಿಲ್ಲದ ದಿನ ನಾನೇ ಸಾರಿನ ಸೌಟು ಹಿಡಿದುಕೊಂಡೇ ಓಡಿಹೋಗಿ, ಅಲ್ಲಿಯವರೆಗಿನ ಲೆಕ್ಕ ಅಳಿಸಿಹೋಗದಂತೆ ಅವಳು ಹೇಳಿಕೊಟ್ಟಿದ್ದ ಎರಡು ಗುಂಡಿ ಒತ್ತಿ ಬರುತ್ತಿದ್ದೆ. ದೀಪ ಹಚ್ಚುವ ಹೊತ್ತಿಗೆ ಅವತ್ತಿನ ಸಣ್ಣಪುಟ್ಟ ಕೃಪೆಗಳನ್ನು ದೇವರ ಮುಂದೆ ಎಣಿಸುವುದು ನನ್ನ ಅಭ್ಯಾಸ. ನಲ್ಲಿಯಲ್ಲಿ ನೀರು ಬಂತು, ಇವರ ಶಿಫ್ಟಿನ ಬಸ್ಸು ತಪ್ಪಲಿಲ್ಲ, ಹಾಲು ಒಡೆಯಲಿಲ್ಲ. ಆ ವರ್ಷಗಳಲ್ಲಿ ಅದಕ್ಕೆ ಇನ್ನೊಂದು ಸೇರಿತ್ತು: ಭಾನುವಿನ ಬಟ್ಟೆ ಬೀಳುವಾಗ ಕರೆಂಟು ಹೋಗಲಿಲ್ಲ.

ಬಟ್ಟೆಯ ವಿಷಯ ಬಂತೆಂದರೆ ನಮ್ಮಮ್ಮನ ನೆನಪು ಬಾರದೆ ಇರುವುದಿಲ್ಲ. ನನ್ನ ತೌರು ರಾಯಕೋಟೆ. ಶನಿವಾರ ಬಂದರೆ ನಮ್ಮ ಮನೆಯ ಹಿತ್ತಲಲ್ಲಿ ಗಂಜಿಯ ವಾಸನೆ. ಅನ್ನ ಬಸಿದ ಗಂಜಿಯನ್ನು ಬಟ್ಟೆಯಲ್ಲಿ ಸೋಸಿ, ನೀರು ಬೆರೆಸಿ, ಅಮ್ಮ ಸೀರೆಗಳನ್ನು ಅದ್ದಿ ತೆಗೆಯುತ್ತಿದ್ದಳು. ನಾನೂ ನನ್ನ ಅಕ್ಕನೂ ಒಂದೊಂದು ತುದಿ ಹಿಡಿದು ನಿಲ್ಲಬೇಕು. ಗಾಳಿ ಬಂದರೆ ಸೀರೆ ಹೊಟ್ಟೆ ಉಬ್ಬಿಸಿ ನಮ್ಮಿಬ್ಬರನ್ನೂ ಎಳೆಯುತ್ತಿತ್ತು. ನಾನು ನಕ್ಕು ಕೈ ಬಿಟ್ಟರೆ ಸೀರೆ ಮಣ್ಣಿಗೆ, ಅಮ್ಮನ ಕೈ ನನ್ನ ಬೆನ್ನಿಗೆ. ಒಣಗಿದ ಮೇಲೆ ಅಮ್ಮ ಸೀರೆಯ ಮೂಲೆಯನ್ನು ಎರಡು ಬೆರಳಲ್ಲಿ ಉಜ್ಜಿ "ನೀರಾಯ್ತು" ಅಥವಾ "ಗಟ್ಟಿಯಾಯ್ತು" ಎಂದು ತೀರ್ಪು ಕೊಡುತ್ತಿದ್ದಳು. ಆ ಬೆರಳು ನನಗೂ ಬಂತು. ಓದು ಬರಲಿಲ್ಲ, ಹಾಡು ಬರಲಿಲ್ಲ, ಗಂಜಿ ಹಾಕುವುದು ಬಂತು. ಕಣ್ಣು ಮುಚ್ಚಿಕೊಂಡು ಮುಟ್ಟಿದರೂ ಗಂಜಿ ಕಂಡ ಬಟ್ಟೆ ಯಾವುದು, ಕಾಣದ ಬಟ್ಟೆ ಯಾವುದು ಎಂದು ಹೇಳಬಲ್ಲೆ.

ಭಾನುವಿಗೆ ಆ ಬೆರಳಿರಲಿಲ್ಲ. ಹಗಲೂ ಬಟ್ಟೆ, ಕನಸಲ್ಲೂ ಬಟ್ಟೆ, ಆದರೆ ತನ್ನ ಚೂಡಿದಾರವನ್ನು ಒಂದು ದಿನವೂ ಒಗೆದವಳಲ್ಲ. ಎಲ್ಲ ನಾನೇ ಮಾಡಿ ಮಡಿಸಿಡುತ್ತಿದ್ದೆ. ಮುದ್ದು ಹೆಚ್ಚಾಯಿತು ಎಂದು ಇವರು ಗೊಣಗುತ್ತಿದ್ದರು.

ಒಂದು ಆಷಾಢದಲ್ಲಿ ಅವಳು ಸಂಶೋಧನೆಗೆಂದೇ ಒಂದು ಹೊಸ ಹತ್ತಿ ಸೀರೆ ತಂದಳು. ಅರಿಶಿನದ ಬಣ್ಣ, ಕೆಂಪು ಅಂಚು. ಅದರ ಬ್ಲೌಸ್ ಪೀಸನ್ನು ಕತ್ತರಿಸಿ ಉದ್ದುದ್ದ ಪಟ್ಟಿಗಳನ್ನಾಗಿ ಮಾಡಿ, ಏನೇನೋ ಅಳತೆ ತೆಗೆದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ಸೀರೆಯನ್ನು ಬೀರುವಿನಲ್ಲಿಟ್ಟಳು. ಮುಂದಿನ ತಿಂಗಳು ಅದನ್ನು ಮಾಳಿಗೆಯಿಂದ ಬೀಳಿಸಿ ಕ್ಯಾಮೆರಾದಲ್ಲಿ ಹಿಡಿಯುವುದು, ಕಂಪ್ಯೂಟರಿನ ಸೀರೆಯನ್ನೂ ಅದೇ ಅಳತೆಯಲ್ಲಿ ಬೀಳಿಸುವುದು, ಎರಡೂ ಒಂದೇ ಥರ ಬಿದ್ದರೆ ಪರದೇಶದಲ್ಲಿ ನಡೆಯುವ ದೊಡ್ಡ ಸಮ್ಮೇಳನಕ್ಕೆ ಬರೆದು ಕಳಿಸುವುದು. ಕೊನೆಯ ದಿನಾಂಕ ಜನವರಿಯಲ್ಲಿ. "ಇದೊಂದು ಆಗ್ಬುಟ್ರೆ ಸಾಕು ಅತ್ಗೆ, ಸೀರೆ ಬೀಳ್ಸಿದ ಮೊದ್ಲನೇವ್ಳು ನಾನೇ" ಎನ್ನುತ್ತಿದ್ದಳು. ನಾಲ್ಕು ವರ್ಷದ ಕೆಲಸ ಆ ಒಂದು ಸೀರೆಯ ಮೇಲೆ ನಿಂತಿತ್ತು.

ನಮ್ಮ ಕಡೆ ಫ್ಯಾಕ್ಟರಿಗೆ ಹೋಗುವವರ ಮನೆಗಳಲ್ಲಿ ಒಂದು ನಂಬಿಕೆ ಇದೆ. ಅನ್ನ ಕೊಡುವ ಹತ್ಯಾರಕ್ಕೆ ಪೂಜೆಯಾಗಬೇಕು. ಆಯುಧಪೂಜೆಯ ದಿನ ಇವರು ತಮ್ಮ ಲೇತ್ ಮಷೀನಿಗೆ ವಿಭೂತಿ ಬಳಿದು, ಹೂ ಮುಡಿಸಿ, ನಿಂಬೆಹಣ್ಣು ಇಟ್ಟು ಬರುತ್ತಾರೆ. ಭಾನುವಿನ ಹತ್ಯಾರ ಯಾವುದು? ನನ್ನ ದಡ್ಡತಲೆಗೆ ಆ ಸೀರೆಯೇ ಅನ್ನಿಸಿತು. ವರಮಹಾಲಕ್ಷ್ಮಿ ಹಬ್ಬ ಬಂತು. ಭಾನು ಆ ವಾರವೆಲ್ಲ ಬೆಂಗಳೂರಿನಲ್ಲಿ ಗೆಳತಿಯ ರೂಮಿನಲ್ಲಿದ್ದಳು. ಕಳಶಕ್ಕೆ ಉಡಿಸಲು ನಾನು ಬೇರೆ ಸೀರೆ ತೆಗೆದಿಟ್ಟಿದ್ದೆ. ಬೀರು ತೆರೆದಾಗ ಆ ಅರಿಶಿನದ ಸೀರೆ ಕಣ್ಣಿಗೆ ಬಿತ್ತು. ದೇವಿ ಉಟ್ಟ ಸೀರೆ ಎಂದಾದರೂ ತಪ್ಪು ಬೀಳುತ್ತದೆಯೇ?

ಉಡಿಸಿದೆ. ಸಣ್ಣ ನೆರಿಗೆ ಹಿಡಿದು, ಪಿನ್ನು ಹಾಕಿ. ಆ ವರ್ಷದಷ್ಟು ಚೆನ್ನಾಗಿ ನಮ್ಮ ಮನೆಯಲ್ಲಿ ದೇವಿ ಎಂದೂ ಕಂಡಿರಲಿಲ್ಲ. ಮರುದಿನ ಕಳಶ ಕದಲಿಸಿ ನೋಡಿದರೆ ಸೀರೆಗೆ ಅಲ್ಲಲ್ಲಿ ಕುಂಕುಮ, ಎಣ್ಣೆಯ ಹನಿ. ಹಾಗೆ ಇಡಲಾಗುತ್ತದೆಯೇ? ಉಪ್ಪುನೀರಲ್ಲಿ ನೆನೆಸಿ ಒಗೆದೆ. ಒಗೆದ ಮೇಲೆ ಹೊಸದರ ಹೊಳಪು ಹೋಯಿತಲ್ಲ ಎಂದು ಒಂದು ಪಾವು ಅಕ್ಕಿಯ ಗಂಜಿ ಹಾಕಿದೆ. ನೆರಳಲ್ಲಿ ಒಣಗಿಸಿ, ಇಸ್ತ್ರಿ ಮಾಡಿ, ಅದೇ ಮಡಿಕೆಯಲ್ಲಿ ಅದೇ ಜಾಗದಲ್ಲಿಟ್ಟೆ. ಅಂಗಡಿಯವರೂ ಹಾಗೆ ಮಡಿಸಲಾರರು. ಭಾನು ಬಂದಾಗ ಹೇಳಿದರೆ "ಅಯ್ಯೋ ಅತ್ಗೆ, ನಿಮ್ಮ ಪೂಜೆಗೊಂದು ಅಳತೆ ಇಲ್ವಾ" ಎಂದು ತಮಾಷೆ ಮಾಡುತ್ತಾಳೆಂದು ಸುಮ್ಮನಿದ್ದೆ. ಅಷ್ಟೇ. ಇದರಲ್ಲಿ ಒಂದು ಎಳೆಯಷ್ಟೂ ಕೆಟ್ಟ ಬುದ್ಧಿ ಇರಲಿಲ್ಲ, ಅದು ಆ ತಾಯಿಗೇ ಗೊತ್ತು.

ಸೀರೆ ಬೀಳಿಸಿದ ದಿನ ನಮ್ಮ ಬೀದಿಗೇ ಹಬ್ಬ. ಎಲ್ಲಿ ಹೇಗೆ ಮಡಿಸಿಕೊಳ್ಳುತ್ತದೆ ಎಂದು ಕ್ಯಾಮೆರಾದಲ್ಲಿ ಕಾಣಲು ಗುರುತು ಬೇಕು ಎಂದಳು. ನಾನು ಕರೀ ಸ್ಟಿಕರ್ ಬೊಟ್ಟು ತರಿಸಿಕೊಟ್ಟೆ. ಇಬ್ಬರೂ ಕೂತು ಸೀರೆಯ ತುಂಬ ಸಾಲಾಗಿ ಬೊಟ್ಟು ಅಂಟಿಸಿದೆವು. ಆಮೇಲೆ ನಾನು ಮಾಳಿಗೆಯಿಂದ ಬಿಡುವುದು, ಅವಳು ಕೆಳಗೆ ನಿಂತು ಕ್ಯಾಮೆರಾದಲ್ಲಿ ಹಿಡಿಯುವುದು, ಮತ್ತೆ ಮೇಲೆ ತರುವುದು. ಹತ್ತನೆಯ ಸಲಕ್ಕೆ ಸೆಲ್ವಿ ಬಾಗಿಲಿಗೆ ಬಂದಳು.

"ಏನ್ ಅಕ್ಕಾ, ಸೀರೆ ಮೇಲೆ ಕೋಪಮಾ? ಬ್ಯಾಡಾದ್ರೆ ನಂಗೆ ಕೊಡು!"

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಸೀರೆ ಮಾತ್ರ ಪ್ರತಿ ಸಲವೂ ಗರಿಗರಿಯಾಗಿ, ಅಗಲವಾಗಿ, ದೊಡ್ಡ ದೊಡ್ಡ ಮಡಿಕೆಯಲ್ಲಿ ಠೀವಿಯಿಂದ ಇಳಿಯಿತು. ನನ್ನ ಗಂಜಿ ಅಲ್ಲವೇ.

ಕಂಪ್ಯೂಟರಿನ ಸೀರೆ ಹಾಗೆ ಬೀಳಲಿಲ್ಲ. ದಸರಾ ಆಯಿತು, ದೀಪಾವಳಿ ಆಯಿತು, ಭಾನು ಎರಡೆರಡು ದಿನ ಕಾದು ಬೀಳಿಸುತ್ತಲೇ ಇದ್ದಳು. ಪರದೆಯ ಮೇಲಿನ ಸೀರೆ ಮೆತ್ತಗೆ, ಸಣ್ಣ ಸಣ್ಣ ಸುಕ್ಕಿನಲ್ಲಿ ಕುಸಿಯುತ್ತಿತ್ತು. ಅವಳ ಕೆನ್ನೆ ಒಳಗೆ ಹೋಯಿತು. ತಟ್ಟೆಯ ಮುಂದೆ ಕೂತು ಅನ್ನದ ಮೇಲೆ ಬೆರಳಲ್ಲಿ ಏನೋ ಗೀಚುತ್ತಿದ್ದಳು. ಅವಳ ಮೇಷ್ಟರು, ನಿನ್ನ ಸಮೀಕರಣದಲ್ಲೇ ಎಲ್ಲೋ ತಪ್ಪಿದೆ, ಮೊದಲಿಂದ ನೋಡು ಎಂದಿದ್ದರಂತೆ.

ಕಾರ್ತಿಕದ ಒಂದು ಬೆಳಗ್ಗೆ ನಾನು ಅನ್ನ ಬಸಿಯುತ್ತಿದ್ದೆ. ಭಾನು ಅಡುಗೆಕಟ್ಟೆಯ ಇನ್ನೊಂದು ತುದಿಗೆ ಇಳಿಜಾರಾದ ರಟ್ಟು ನಿಲ್ಲಿಸಿ, ಆ ಬ್ಲೌಸ್ ಪೀಸಿನ ಪಟ್ಟಿಯನ್ನು ಅಂಚಿನಿಂದ ನಿಧಾನವಾಗಿ ಹೊರಗೆ ತಳ್ಳುತ್ತಿದ್ದಳು.

"ಏನೇ ಅದು?"

"ಎಷ್ಟು ಚಾಚಿದ್ರೆ ಬಗ್ಗಿ ರಟ್ಟು ಮುಟ್ತದೆ ಅಂತ ಅತ್ಗೆ. ಇದ್ರಿಂದ್ಲೇ ಬಟ್ಟೆ ಎಷ್ಟು ಸೆಟೆದದೆ ಅಂತ ಲೆಕ್ಕ. ಈ ಒಂದು ನಂಬರ್ ತಪ್ಪಾದ್ರೆ ಎಲ್ಲಾ ತಪ್ಪು. ಆದ್ರೆ ಇದು ತಪ್ಪಾಗಿಲ್ಲ, ನೂರು ಸಲ ನೋಡ್ದೆ. ಅಲ್ಲಿ ಸೀರೆ ಹಪ್ಪಳದ ಥರ ಬೀಳ್ತದೆ, ನನ್ನ ಲೆಕ್ಕದಲ್ಲಿ ಒದ್ದೆ ಬಟ್ಟೆ ಥರ ಬೀಳ್ತದೆ. ಒಂದೇ ಬಟ್ಟೆ ಅತ್ಗೆ! ಹೆಂಗೆ?"

ನಾನು ಕೈ ಒರೆಸಿಕೊಂಡು ಪಟ್ಟಿಯನ್ನು ಎರಡು ಬೆರಳಲ್ಲಿ ಹಿಡಿದೆ. ಗಂಜಿ ಕಾಣದ ಬಟ್ಟೆ. ಎದುರಿಗೆ ಪಾತ್ರೆಯಲ್ಲಿ ಬಸಿದ ಗಂಜಿ ಹಬೆಯಾಡುತ್ತಿತ್ತು. ನನಗೆ ಆ ಕ್ಷಣವೇ ಎಲ್ಲ ಗೊತ್ತಾಯಿತು. ಒಂದೇ ಬಟ್ಟೆಯಲ್ಲ. ಒಂದನ್ನು ಅಂಗಡಿಯಿಂದ ತಂದ ಹಾಗೇ ಅಳೆದಿದ್ದಳು, ಇನ್ನೊಂದನ್ನು ನಾನು ಮುಟ್ಟಿದ್ದೆ.

ಬಾಯಿ ತೆರೆದೆ. "ಊಟಕ್ಕೆ ಏಳಮ್ಮ, ಆರೋಗ್ತದೆ" ಎಂದೆ.

ಆಗ ಇನ್ನೂ ಎರಡು ತಿಂಗಳಿತ್ತು. ಹೇಳಿದ್ದರೆ ಮತ್ತೊಂದು ಪಟ್ಟಿಗೆ ಗಂಜಿ ಹಾಕಿ ಅಳೆದರೆ ಮುಗಿಯುತ್ತಿತ್ತು. ನಾನು ಹೇಳಲಿಲ್ಲ, ಹರಕೆ ಹೊತ್ತೆ. ಐದು ಶುಕ್ರವಾರ ಉಪವಾಸವಿದ್ದು ಹೊಸೂರು ಬೆಟ್ಟದ ಮೇಲಿನ ಗುಡಿಗೆ ಹತ್ತಿ, ಭಾನುವಿನ ಕಂಪ್ಯೂಟರ್ ಸರಿಯಾಗಲಿ ಎಂದು ಬೇಡಿಕೊಂಡೆ. ನಾಲ್ಕು ಮಾತಿನಲ್ಲಿ ಆಗುತ್ತಿದ್ದ ಕೆಲಸಕ್ಕೆ ಅಷ್ಟು ಮೆಟ್ಟಿಲು. ದೇವರಿಗೆ ನನ್ನನ್ನು ನೋಡಿ ನಗು ಬಂದಿರಬೇಕು, ಇಲ್ಲವೇ ಬೇಸರ.

ಜನವರಿ ಕಳೆಯಿತು. ಭಾನು ಕಳಿಸಲಿಲ್ಲ. ಸೀರೆಯ ಅಧ್ಯಾಯವನ್ನೇ ತೆಗೆದುಹಾಕಿ, ಮೇಷ್ಟರು ಹೇಳಿದಂತೆ ಬಾವುಟ, ಕರವಸ್ತ್ರ ಇಂಥವುಗಳ ಮೇಲೆ ಬರೆದು, ಇನ್ನೆರಡು ವರ್ಷಕ್ಕೆ ಡಾಕ್ಟರೇಟು ಮುಗಿಸಿದಳು. ಎಲ್ಲರೂ ಸಿಹಿ ಹಂಚಿದರು. ಆದರೆ ಮೊದಲು ಯಾವುದನ್ನಾದರೂ ಕಂಡರೆ "ನೋಡಿ ಅತ್ಗೆ" ಎಂದು ಎಳೆದುಕೊಂಡು ಹೋಗಿ ತೋರಿಸುತ್ತಿದ್ದ ಹುಡುಗಿ, ಈಗ ಏನು ಹೇಳಿದರೂ ಕೊನೆಗೆ "ನನ್ನ ಲೆಕ್ಕ ತಪ್ಪಿದ್ರೂ ಇರ್ಬೋದು" ಎಂದು ಸೇರಿಸುತ್ತಿದ್ದಳು. ತರಕಾರಿ ತೂಕದ ಮಾತಿಗೂ ಹಾಗೆಯೇ.

ಕೃಷ್ಣಗಿರಿಯ ಕಡೆ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಹೇಳುವ ಕೆಲಸ ಸಿಕ್ಕಿ, ಅಲ್ಲಿಗೆ ಹೊರಡುವ ಹಿಂದಿನ ದಿನ ಸಾಮಾನು ಕಟ್ಟುತ್ತಿದ್ದಳು. ನಾನು ಬಚ್ಚಲ ಹಂಡೆಗೆ ಉರಿ ಹಾಕುತ್ತಿದ್ದೆ. ಒಂದು ಕಟ್ಟು ನೋಟ್‌ಬುಕ್ ತಂದು ನನ್ನ ಪಕ್ಕ ಇಟ್ಟಳು.

"ಒಲೆಗೆ ಹಾಕ್ಬುಡಿ ಅತ್ಗೆ. ಆ ಸೀರೇದು. ಎಲ್ಲಾ ತಪ್ಪು ಲೆಕ್ಕ."

ಮೊದಲ ನೋಟ್‌ಬುಕ್ ಕೈಗೆ ತೆಗೆದುಕೊಂಡೆ. ಪುಟದ ತುಂಬ ಅವಳ ಸಣ್ಣ ಅಕ್ಷರ, ಮೇಲೆ ಕೆಂಪು ಗೀಟು. ಒಲೆಯ ಬಾಯಿಯವರೆಗೂ ಕೈ ಹೋಯಿತು. ಒಳಗೆ ಹೋಗಲಿಲ್ಲ.

"ತಪ್ಪಲ್ಲ ಕಣೇ" ಎಂದೆ. "ಆ ಸೀರೆಗೆ ನಾನು ಗಂಜಿ ಹಾಕಿದ್ದೆ."

ಎಲ್ಲ ಹೇಳಿದೆ. ಕಳಶ, ಕುಂಕುಮ, ಉಪ್ಪುನೀರು. ಅಡುಗೆಕಟ್ಟೆಯ ಬೆಳಗ್ಗೆಯನ್ನೂ ಬಿಡಲಿಲ್ಲ. ಬೈಯಲಿ ಎಂದು ಕಾದೆ. ಅವಳು ಕೇಳಿದ್ದೇ ಬೇರೆ.

"ಎಷ್ಟು ಗಂಜಿ?"

"ಒಂದು ಪಾವು ಅಕ್ಕೀದು. ಅರ್ಧ ಬಕೆಟ್ ನೀರಿಗೆ."

"ಈಗ್ಲೇ ಮಾಡಿ."

ಅವಳ ಹತ್ತಿರ ಇನ್ನೂ ಎರಡು ಪಟ್ಟಿಗಳು ಲಕೋಟೆಯಲ್ಲಿದ್ದವು. ಅದೇ ಅಳತೆಯ ಅಕ್ಕಿ ಇಟ್ಟು ಗಂಜಿ ಬಸಿದೆ, ಅದ್ದಿದೆ, ನೆರಳಲ್ಲಿ ಒಣಗಿಸಿದೆ, ಇಸ್ತ್ರಿ ಮಾಡಿದೆ. ಅವಳು ಕಟ್ಟೆಯ ಅಂಚಿನಿಂದ ತಳ್ಳಿದಳು. ಪಟ್ಟಿ ಚಾಚುತ್ತಾ ಹೋಯಿತು, ತಲೆ ಬಗ್ಗಿಸಲೊಲ್ಲದು. ಹೊರಡುವುದನ್ನು ಎರಡು ದಿನ ಮುಂದಕ್ಕೆ ಹಾಕಿ ಕಂಪ್ಯೂಟರ್ ಹಚ್ಚಿದಳು. ಮೂರನೆಯ ಬೆಳಗ್ಗೆ ನಾವಿಬ್ಬರೇ ನೋಡಿದೆವು. ಒಂದು ಕಡೆ ನಮ್ಮ ಮಾಳಿಗೆಯ ಸೀರೆ, ಇನ್ನೊಂದು ಕಡೆ ಬಣ್ಣವಿಲ್ಲದ ಬೂದಿಯಂಥ ಸೀರೆ. ಒಟ್ಟಿಗೆ ಜಾರಿದವು, ಒಟ್ಟಿಗೆ ಅರಳಿದವು, ಒಂದೇ ಜಾಗದಲ್ಲಿ ಮಡಿಸಿಕೊಂಡವು, ಒಟ್ಟಿಗೆ ನೆಲ ಮುಟ್ಟಿದವು.

"ಸರೀಗಿತ್ತು" ಎಂದಳು ಭಾನು. "ನನ್ನ ಲೆಕ್ಕ ಸರೀಗಿತ್ತು." ಆಮೇಲೆ ಅತ್ತಳು. ನಾಲ್ಕು ವರ್ಷದ ಕೆಲಸ ಹೋದಾಗಲೂ ಅತ್ತಿರದ ಹುಡುಗಿ.

"ಈಗ ಕಳಿಸ್ಬೋದಲ್ವೇನೇ?"

"ಈಗ ಬೇರೆಯೋರು ಮಾಡವ್ರೆ ಅತ್ಗೆ. ಹೋದ್ವರ್ಷವೇ ಅವ್ರ ಪೇಪರ್ ಬಂತು."

ಕಂಪ್ಯೂಟರ್ ಆರಿಸಿ, ಮುಖ ತಿರುಗಿಸದೆ ಕೇಳಿದಳು: "ಅವತ್ತೇ ಯಾಕೆ ಹೇಳ್ಲಿಲ್ಲ?"

ಬೈಯುತ್ತೀಯ ಎಂದು ಭಯವಾಯಿತು ಅನ್ನಬಹುದಿತ್ತು. ಅದು ನಿಜವಲ್ಲ, ಅವಳು ನನ್ನನ್ನು ಎಂದೂ ಬೈದವಳಲ್ಲ. "ಪೂಜೆಯಿಂದ ಕೆಡ್ತು ಅಂತ ಒಪ್ಕೊಳಕ್ಕಾಗ್ಲಿಲ್ಲ ಕಣೇ" ಎಂದೆ. "ಅದು ತಪ್ಪಾದ್ರೆ ನನ್ನ ಹತ್ರ ಇನ್ನೇನದೆ?"

"ಪೂಜೆಯಿಂದ ಏನೂ ಕೆಡ್ಲಿಲ್ಲ ಅತ್ಗೆ" ಎಂದಳು. "ಹೇಳ್ದೆ ಇದ್ರಲ್ಲ, ಅದ್ರಿಂದ ಕೆಡ್ತು."

ಕೋಪವಿರಲಿಲ್ಲ ಆ ಮಾತಿನಲ್ಲಿ. ಎಲ್ಲಿ ತಪ್ಪಾಯಿತು ಎಂದು ಹುಡುಕಿ ಹುಡುಕಿ ಕೊನೆಗೆ ಸಿಕ್ಕ ಜಾಗಕ್ಕೆ ಬೆರಳಿಟ್ಟವಳ ಹಾಗೆ ಹೇಳಿದಳು.

ಭಾನು ಈಗಲೂ ಭಾನುವಾರ ಬರುತ್ತಾಳೆ. ಕೃಷ್ಣಗಿರಿಯ ಮಾವಿನಹಣ್ಣು ತರುತ್ತಾಳೆ, ನಾನು ಮಾಡಿದ ಹುರುಳಿ ಸಾರು ಎರಡು ಸಲ ಹಾಕಿಸಿಕೊಳ್ಳುತ್ತಾಳೆ, ಅಣ್ಣನನ್ನು ರೇಗಿಸುತ್ತಾಳೆ. ಏನೂ ಬದಲಾಗಿಲ್ಲ. ಒಂದೇ ಒಂದು ಬಿಟ್ಟು. ಬಂದವಳು ಪುಸ್ತಕ, ಪೇಪರು ತುಂಬಿದ ಕೈಚೀಲವನ್ನು ನಡುಮನೆಯ ಮೂಲೆಯಲ್ಲಿಟ್ಟು, ನಗುತ್ತಲೇ ಹೇಳುತ್ತಾಳೆ: "ಅತ್ಗೆ, ಇದನ್ನ ಮುಟ್ಬೇಡಿ, ಹಾಂ?" ಈ ಮನೆಯಲ್ಲಿದ್ದ ಅಷ್ಟು ವರ್ಷ ಅವಳು ಹಾಗೆ ಒಂದು ದಿನವೂ ಹೇಳಿರಲಿಲ್ಲ.

"ಇಲ್ಲಮ್ಮ, ಮುಟ್ಟಲ್ಲ" ಎಂದು ನಾನೂ ನಗುತ್ತೇನೆ. ಕಸ ಗುಡಿಸುವಾಗ ಆ ಚೀಲವನ್ನು ಎತ್ತುವುದಿಲ್ಲ. ಸುತ್ತಲೂ ಗುಡಿಸುತ್ತೇನೆ.